ಕಿಟಕಿ ಪಕ್ಕದ ಬ್ಯಾಟರಿ

ನಿಮ್ಮ ಮನೆಯಲ್ಲಿ ತಣ್ಣಗೆ ಗಾಳಿ ಬರುವ ಜಾಗವನ್ನು ಯಾರಿಗೆ ಬಿಟ್ಟಿದ್ದೀರಿ, ಹೇಳಿ ನೋಡೋಣ? ವಯಸ್ಸಾದವರಿಗಾ, ಮಕ್ಕಳಿಗಾ? ನಮ್ಮ ಯಜಮಾನರು ಬ್ಯಾಟರಿಗೆ ಬಿಟ್ಟಿದ್ದರು.

ಆಗ ಚಳ್ಳಕೆರೆಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಇಡೀ ಮನೆಗೆ ಒಂದೇ ಕಿಟಕಿ. ಅದರ ಕೆಳಗೆ ಚಾಪೆ ಹಾಸಿ ಮಲಗುವುದು ಮದುವೆಯಾಗಿ ಬಂದಾಗಿನಿಂದ ನನ್ನ ಹಕ್ಕು. ಎಣ್ಣೆ ಮಿಲ್ಲಿನಲ್ಲಿ ತೂಕ ಹಾಕುತ್ತಿದ್ದ ಯಜಮಾನರು, ಹಿಂದಿನ ಬೀದಿಯವರು ಯುಪಿಎಸ್ ಹಾಕಿಸಿದರೆಂದು ತಾವೂ ಹಾಕಿಸಿದರು. ಬ್ಯಾಟರಿ ಅಂಗಡಿಯ ಸಾಬರು ಮನೆಯೆಲ್ಲ ನೋಡಿ, ನನ್ನ ಚಾಪೆಯ ಮೇಲೆಯೇ ನಿಂತು, "ಇಲ್ಲೇ ಇಡ್ರಿ. ಇದಕ್ಕೆ ಗಾಳಿ ಬೇಕು" ಅಂದರು.

"ನನಗೆ ಬ್ಯಾಡ್ವಾ?" ಅಂದೆ.

"ನೀನೇನು ಚಾರ್ಜ್ ಆಗ್ಬೇಕಾ?" ಅಂದರು ಯಜಮಾನರು.

ನನ್ನ ಚಾಪೆ ಒಲೆ ಪಕ್ಕಕ್ಕೆ ಹೋಯಿತು. ಬೇಸಿಗೆ ಬೇರೆ. ಹೇಳದೆ ಕೇಳದೆ ಕರೆಂಟು ಹೋಗುತ್ತಿತ್ತು. ಫ್ಯಾನಾದರೂ ತಿರುಗಲಿ ಎಂದು ಸ್ವಿಚ್ಚಿಗೆ ಕೈ ಹಾಕಿದರೆ, "ಏಯ್, ಖಾಲಿ ಆಗ್ತೈತೆ! ಬೇಕಾದಾಗ ಇರ್ಲಿ" ಎನ್ನುವರು.

"ಈಗ ಬ್ಯಾಡ್ವೇನ್ರಿ?"

"ಯಾರಾದ್ರೂ ಮನೆಗೆ ಬಂದಾಗ."

ಹೀಗೆ ತುಂಬಿದ ಬ್ಯಾಟರಿಯ ಎದುರು ಬುಡ್ಡಿದೀಪ ಹಚ್ಚಿಕೊಂಡು, ಮೊರದಲ್ಲಿ ಗಾಳಿ ಬೀಸಿಕೊಂಡು ಕೂರುತ್ತಿದ್ದೆವು. ಅಂಥ ಜಾಣರು! ದಿನಾ ಬೆಳಿಗ್ಗೆ ನನ್ನ ಹಳೇ ಸೀರೆಯ ತುಂಡಿನಲ್ಲಿ ಅದರ ಮೈ ಒರೆಸುವರು. ಶುಕ್ರವಾರ ಕುಂಕುಮವನ್ನೂ ಇಡುವರು. ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ ನೆನಪಿಲ್ಲ. ಚಾರ್ಜ್ ಆಗುವಾಗ ಅದರಿಂದ ಹುಳಿಹುಳಿ ವಾಸನೆ ಬರುತ್ತಿತ್ತು. ಜಗಲಿಯಲ್ಲಿ ಇಡಿ ಎಂದು ಬೇಸಿಗೆಯೆಲ್ಲ ಗೋಗರೆದೆ. "ಕದ್ಕೊಂಡು ಹೋಗ್ತಾರೆ" ಅಂದರೇ ಹೊರತು ಅಲುಗಾಡಿಸಲಿಲ್ಲ.

ಆಗ ಕೊಂಡ್ಲಹಳ್ಳಿಯಿಂದ ನಾದಿನಿ ಬಂದಳು. ಸಂಜೆ ಕರೆಂಟು ಹೋಯಿತು. "ಅಣ್ಣಾ, ಫ್ಯಾನ್ ಹಾಕು" ಅಂದಳು. ಹಲ್ಲು ಕಿರಿದುಕೊಂಡು ಹಾಕಿದರು. ಕರೆಂಟು ಬಂದು ಬ್ಯಾಟರಿ ಚಾರ್ಜ್ ಆಗತೊಡಗಿದಾಗ ಕಿಟಕಿ ಹತ್ತಿರ ಹೋದವಳು ಮೂಗು ಮುಚ್ಚಿಕೊಂಡಳು.

"ಥೂ, ಏನಣ್ಣ ಇದು ನಾತ! ನಾನೂ ಅತ್ತಿಗೇನೂ ಇಲ್ಲಿ ಮಲಗ್ತೀವಿ. ಮೊದ್ಲು ಇದನ್ನ ಹೊರಗಿಡು."

ಅಷ್ಟೇ. ತಂಗಿ ಒಂದು ಸಲ ಅಂದಿದ್ದಕ್ಕೆ ಸಾಬರನ್ನು ಓಡಿಹೋಗಿ ಕರೆತಂದರು. ಬ್ಯಾಟರಿ ಜಗಲಿಗೆ ಹೋಯಿತು, ಕಿಟಕಿಯ ಸರಳಿನ ಸಂದಿಯಿಂದ ವೈರು ಒಳಗೆ ಬಂತು. ಗಂಡಸರ ಕಿವಿಗೆ ಹೆಂಡತಿ ಮಾತಾಡುವಾಗ ಮಾತ್ರ ಕರೆಂಟು ಇರುವುದಿಲ್ಲ.

ರಾತ್ರಿ ನಾನು ನನ್ನ ಹಳೇ ಜಾಗದಲ್ಲಿ ಕಾಲು ಚಾಚಿ ಮಲಗಿದೆ. ಯಜಮಾನರು ಕಳ್ಳರ ಭಯಕ್ಕೆ ದಿಂಬು, ಕಂಬಳಿ ಹೊತ್ತುಕೊಂಡು ಹೋಗಿ ಬ್ಯಾಟರಿಯ ಪಕ್ಕ ಬಿದ್ದುಕೊಂಡರು.

ಬೆಳಿಗ್ಗೆ ಎದ್ದವಳೇ ಕಿಟಕಿಯಿಂದ ಬಗ್ಗಿ, "ಏನ್ರೀ, ಹೊಸಬಳ ಜೊತೆ ನಿದ್ದೆ ಬಂತಾ?" ಅಂದೆ.

ಕಂಬಳಿಯೊಳಗಿಂದಲೇ ಅಂದರು: "ಸುಮ್ನೆ ಹೊರಗೆ ಮಲಗ್ದೆ ಕಣೇ. ಕಿಟಕಿಯಾಗೆ ನಿನ್ನ ಗೊರಕೆ ಕೇಳಿದ ಮ್ಯಾಲೆ ಯಾವ ಕಳ್ಳ ಇತ್ತಾಗೆ ತಲೆ ಹಾಕ್ತಾನೆ?"