ಸುಜಾತಾ ಮೇಡಂ ಮತ್ತು ಒಣದ್ರಾಕ್ಷಿ ರಾಣಿ

ಸುಜಾತಾ ಮೇಡಂ ಅವರ ಮುಖ ನೋಡುವುದಕ್ಕೂ ಮೊದಲು ನಾನು ಅವರ ದನಿ ಕೇಳಿದೆ. ಆಗಷ್ಟೇ ಗೋಳಗುಮ್ಮಟದ ಹಿಂದಿನ ಓಣಿಗೆ ಬಾಡಿಗೆಗೆ ಬಂದಿದ್ದೆ. ಮಾಳಿಗೆಯ ಟಾಕಿ ತುಂಬಿ ಹರಿಯುತ್ತಿದೆ ಎಂದು ಹೇಳಲು ಮೇಲಿನ ಮನೆಗೆ ಹೊರಟವನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಒಳಗಿನಿಂದ ಗೊಗ್ಗರು ದನಿಯೊಂದು, "ಮನಷ್ಯಾರ ವಾಸನಿ ಬರಾಕತ್ತೈತಿ. ಒಬ್ಬರನ್ನ ಈಗ ತಿಂತೀನಿ, ಒಬ್ಬರನ್ನ ನಾಳಿ ನಾಷ್ಟಾಕ್ಕ ಇಡ್ತೀನಿ," ಎನ್ನುತ್ತಿತ್ತು. ಅರೆ ತೆರೆದ ಬಾಗಿಲಲ್ಲಿ ಇಣುಕಿದೆ. ಇಳಕಲ್ ಸೀರೆ ಉಟ್ಟು ದಪ್ಪ ಕನ್ನಡಕ ಹಾಕಿದ ಹೆಂಗಸೊಬ್ಬರು ಬಟಾಣಿ ಸುಲಿಯುತ್ತಾ ಕೂತಿದ್ದರು. ರಾಕ್ಷಸ ಅವರೇ. ಎದುರಿಗಿದ್ದ ಇಬ್ಬರೂ ನಿಜಕ್ಕೂ ಹೆದರಿದವರ ಹಾಗೆ ಕಾಣುತ್ತಿದ್ದರು. ನನ್ನನ್ನು ಕಂಡದ್ದೇ ರಾಕ್ಷಸ ಸಾದಾ ದನಿಗೆ ಇಳಿದು, "ಬರ್ರಿ, ಇನ್ನೊಬ್ಬರು ಬೇಕಾಗಿತ್ತು," ಎಂದಿತು. ಟಾಕಿಯ ವಿಷಯ ನನಗೆ ಮರೆತೇಹೋಯಿತು.

ಮೇಡಂ ಭೂತನಾಳ ಕೆರೆಯ ಕಡೆ ನೀರು ಸರಬರಾಜಿನ ಇಂಜಿನಿಯರು. ಅಂದು ಎದುರಿಗೆ ಕೂತಿದ್ದವರು ಅವರ ತಂಗಿ ಗೀತಾ ಮತ್ತು ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ ಇಟ್ಟುಕೊಂಡಿದ್ದ ಬಸು. ಅವರು ಪ್ರತಿ ಭಾನುವಾರ ಆಡುತ್ತಿದ್ದದ್ದು ಕತೆಯ ಆಟ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಅದರೊಳಗಿನ ವೀರರಾಗುತ್ತಾರೆ. ಗೋಡೆ ಹಾರುತ್ತೇನೆ ಎಂದರೆ ಸಾಲದು. ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕಿಗೆ ನಿಮ್ಮ ಚುರುಕುತನದ ಅಂಕ ಕೂಡಿಸಿ, ಮೇಡಂ ಹೇಳಿದ ಸಂಖ್ಯೆ ದಾಟಬೇಕು. ದಾಟಿದರೆ ಗೋಡೆಯ ಆಚೆ, ಇಲ್ಲವಾದರೆ ರಾಕ್ಷಸನ ತಾಟಿನಲ್ಲಿ.

ಮೂಲ ನಿಯಮಗಳು ಎಲ್ಲೋ ಪರದೇಶದವರು ಬರೆದವು. ಮೇಡಂ ಅವನ್ನು ಕನ್ನಡಕ್ಕೆ ತಂದು, ನಮ್ಮ ಸೀಮೆಗೆ ಹೊಂದುವಂತೆ ತಿದ್ದಿದ್ದರು. ಅವರ ಆಟದಲ್ಲಿ ವೀರರು ಬಂಗಾರದ ನಾಣ್ಯ ಕೂಡಿಡುವುದಿಲ್ಲ, ಚರಿಗೆಯಲ್ಲಿ ಎಷ್ಟು ನೀರು ಉಳಿದಿದೆ ಎಂದು ನೋಡಿಕೊಳ್ಳುತ್ತಾರೆ. ಹೀಗೇಕೆ ಎಂದು ಕೇಳಿದರೆ, "ಅವರ ಕಡೆ ಹೀರೋ ಕತ್ತಿಗೆ ಸಾಯ್ತಾನ್ರಿ. ನಮ್ಮ ಕಡೆ ಬಿಸಲಿಗೆ ಸಾಯಬೇಕು," ಎನ್ನುತ್ತಿದ್ದರು.

"ಬ್ಯಾರೇದವರ ನಿಯಮ ತಿದ್ದಿದ್ರ ಅವರು ಸುಮ್ಮನಿರ್ತಾರೇನ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಅವರ ಹೇಳ್ಯಾರ. ತಗೋರಿ, ತಿದ್ರಿ, ಬೇಕಂದ್ರ ಮಾರ್ರಿ. ಆದ್ರ ನಮ್ಮ ಹೆಸರು ಹಾಕ್ರಿ, ನೀವು ತಿದ್ದಿದ್ದನ್ನೂ ಹಿಂಗ ಬಿಚ್ಚಿ ಇಡ್ರಿ. ಮುಕ್ತ ಪರವಾನಗಿ ಅಂದ್ರ ಇಷ್ಟ. ಮುಚ್ಚಳ ಇಲ್ಲದ ಬಾವಿ ಇದ್ದಂಗ."

ಬಾವಿಗೆ ಮುಚ್ಚಳ ಇರುವುದೇ ಒಳ್ಳೆಯದಲ್ಲವೇ ಎಂದು ಔಷಧ ಅಂಗಡಿಯವನಾದ ನಾನು ಅಂದೆ. ಆ ಭಾನುವಾರ ನನ್ನ ವೀರನಿಗೆ ಮೇಡಂ ಒಂದು ಹನಿ ನೀರನ್ನೂ ಸಿಗಗೊಡಲಿಲ್ಲ.

ನಮ್ಮಲ್ಲಿ ಒಳ್ಳೆಯ ಆಟಗಾರ ಬಸು. ಅವನು ಕತ್ತಿ ಎತ್ತುತ್ತಲೇ ಇರಲಿಲ್ಲ. ಒಣದ್ರಾಕ್ಷಿ ರಾಣಿ ಎಂಬ ಪಾತ್ರ ಕಟ್ಟಿಕೊಂಡಿದ್ದ. ಮೈಯೆಲ್ಲ ಸುಕ್ಕು, ಬಾಯಿ ತುಂಬ ಎಲೆ ಅಡಿಕೆ, ಬೈಗುಳದಿಂದಲೇ ರಾಕ್ಷಸರನ್ನು ಸೋಲಿಸುವ ಮುದುಕಿ. ಬಾವಿ ಕಾಯುತ್ತಿದ್ದ ರಾಕ್ಷಸನಿಗೆ ಆಕೆ ಒಮ್ಮೆ, "ಏ ಭಾಡ್ಯಾ, ಉಂಡೀಯೋ ಇಲ್ಲೋ? ಮಾರಿ ನೋಡು, ಹೆಂಗ ಬಾಡೈತಿ," ಅಂದಳು. ಬಸು ದಾಳ ಉರುಳಿಸಿದ, ಇಪ್ಪತ್ತೇ ಬಿತ್ತು. ರಾಕ್ಷಸ ಅಳುತ್ತಾ ಕೂತ. ಅವನ ಅಳುವನ್ನು ಮೇಡಂ ಎಷ್ಟು ಚೆನ್ನಾಗಿ ಅತ್ತರೆಂದರೆ ಪಕ್ಕದ ಮನೆಯವರು ಏನಾಯಿತೆಂದು ವಿಚಾರಿಸಲು ಬಂದರು.

ಮೇಡಂ ತಮ್ಮ ನಿಯಮಗಳನ್ನೆಲ್ಲ ಪುಸ್ತಕ ಮಾಡಿ, ಅದೇ ಮುಕ್ತ ಪರವಾನಗಿಯಲ್ಲಿ ಅಂತರ್ಜಾಲಕ್ಕೆ ಬಿಟ್ಟರು. ಪಾತ್ರಕ್ಕೆ ಮಾದರಿಯೆಂದು ಒಣದ್ರಾಕ್ಷಿ ರಾಣಿಯನ್ನೂ ಬೈಗುಳ ಸಮೇತ ಸೇರಿಸಿದರು. ಕೆಲವು ತಿಂಗಳಾದ ಮೇಲೆ ಬೇರೆ ಜಿಲ್ಲೆಯ ತಂಡವೊಂದರಿಂದ ಅವರಿಗೆ ಸಂದೇಶ ಬಂತು. ಮೇಡಂ ಹಿಗ್ಗಿಹೋದರು. ಭಾನುವಾರ ಚಹಾ ಕೊಟ್ಟು, ಕನ್ನಡಕ ಒರೆಸಿಕೊಂಡು, ರಾಗವಾಗಿ ಓದಿದರು: ಆ ತಂಡದವರು ರಾಣಿಯನ್ನು ಮಾಟಗಾತಿ ಮಾಡಿಕೊಂಡಿದ್ದಾರೆ, ಬಹಳ ಕಾಡಿದಳಂತೆ, ಕೊನೆಗೆ ಎಲ್ಲರೂ ಸೇರಿ ಒನಕೆಯಿಂದ ಬಡಿದು ಕೊಂದರಂತೆ. ಗೀತಾ ನಕ್ಕಳು, ನಾನೂ ನಕ್ಕೆ.

ಬಸು ಚಹಾದ ಕಪ್ಪನ್ನು ಕೆಳಗಿಟ್ಟ. "ಆಕಿ ನಮ್ಮ ಆಯಿ ಇದ್ಲರಿ," ಅಂದ. ಆಯಿ ಎಂದರೆ ಅವನ ಅಜ್ಜಿ. ಹಿಂದಿನ ವರ್ಷ ತೀರಿಕೊಂಡಿದ್ದರು. "ಆ ಬೈಗುಳ ಎಲ್ಲಾ ಆಕೀವು." ಚಪ್ಪಲಿ ಮೆಟ್ಟಿಕೊಂಡು ಟಿಕೋಟಾದ ಬಸ್ಸಿಗೆ ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ, ಫೋನು ಎತ್ತಲಿಲ್ಲ. ಮೇಡಂಗೆ ಕತೆ ನಡೆಸಲು ಮನಸ್ಸಾಗದೆ, ರಾಕ್ಷಸರೆಲ್ಲ ಒಂದೇ ದನಿಯಲ್ಲಿ ಮಾತಾಡತೊಡಗಿದರು. ಕೊನೆಗೊಂದು ಬೆಳಿಗ್ಗೆ, "ಔಷಧಿ ಸಾಹೇಬ್ರ, ಗಾಡಿ ತಗೀರಿ," ಎಂದರು.

ಬಸು ಶೆಡ್ಡಿನಲ್ಲಿ ಬಲೆಗಳ ಮೇಲೆ ದ್ರಾಕ್ಷಿ ಹರವುತ್ತಿದ್ದ. ನಮ್ಮನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ನಿಯಮ ಎಲ್ಲಾರ್ದು, ಖರೆ," ಎಂದ. "ಆದ್ರ ನಮ್ಮ ಆಯಿ ಎಲ್ಲಾರಾಕಿ ಹೆಂಗ ಆಕ್ಕಾಳ್ರಿ?"

"ಆಗಂಗಿಲ್ಲ," ಎಂದರು ಮೇಡಂ. "ದಾಳದ ಲೆಕ್ಕ ಯಾರ ಮನಿ ಆಸ್ತಿನೂ ಅಲ್ಲ. ಆಯಿ ನಿನ್ನಾಕಿ. ನಂದಲ್ಲದ್ದನ್ನ ನಾ ಬಿಟ್ಟು ಕೊಟ್ಟೆ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾತು ಬಸು."

ಬಸು ಇನ್ನೊಂದು ಗೊಂಚಲು ಹರವಿ, "ಆಕೀನ್ನ ಯಾರೂ ಕೊಲ್ಲಬಾರದು ಅಂತ ನಿಯಮ ಬರೀರಿ," ಎಂದ.

"ಮಂದಿ ಆಟದಾಗ ಹೋಗಿ ನಾ ಹಂಗ ಹೇಳಾಕ ಬರಂಗಿಲ್ಲಪ. ಪುಸ್ತಕದಾಗಿಂದ ಆಕೀನ್ನ ತಗದೀನಿ. ಆ ಹುಡುಗರಿಗೂ ಬರದೆ. ಹೆಸರು, ಬೈಗುಳ ಎರಡೂ ಬಿಡ್ತೀವಿ, ನಮ್ಮದ ಬ್ಯಾರೆ ಮಾಟಗಾತಿ ಮಾಡ್ಕೋತೀವಿ ಅಂದ್ರು. ಚಲೋ ಹುಡುಗ್ರು."

"ಪಾಪ, ಅವರಿಗೇನ್ ಗೊತ್ತು," ಎಂದ ಬಸು. ಆಮೇಲೆ ಕೈ ನಿಲ್ಲಿಸಿ, "ಭಾಳ ಕಾಡಿದ್ಲಂತ?" ಎಂದು ಕೇಳಿದ.

"ಭಾಳ. ಮೂರು ಮಂದಿ ಸತ್ತಾರ."

ಬಸುವಿನ ಮುಖದಲ್ಲಿ ಅಭಿಮಾನದಂಥದ್ದೇನೋ ಮೂಡಿತು. ಹೊರಡುವಾಗ ನಮ್ಮಿಬ್ಬರ ಕೈಗೂ ಒಂದೊಂದು ಚೀಲ ಒಣದ್ರಾಕ್ಷಿ ಕೊಟ್ಟ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಪುಸ್ತಕದ ಹೊಸ ಪ್ರತಿಯ ಮೊದಲ ಪುಟದಲ್ಲಿ ಮೇಡಂ ಹೀಗೆ ಬರೆದರು: ನಿಯಮಗಳು ಎಲ್ಲರವು, ಕೇಳದೆ ತೆಗೆದುಕೊಳ್ಳಿ, ಪಾತ್ರಗಳು ಅವರವರವು, ಕೇಳಿ ತೆಗೆದುಕೊಳ್ಳಿ.

ಹೋದ ವರ್ಷ ಅವರಿಗೆ ಕಾರವಾರಕ್ಕೆ ವರ್ಗವಾಯಿತು. ಕೊನೆಯ ಭಾನುವಾರ, "ಇಷ್ಟು ವರ್ಷ ರಾಕ್ಷಸ ಆಗೇ ಸವದೆ. ಇವತ್ತು ನಾ ಹೀರೋ, ನೀವು ಕತಿ ನಡಸ್ರಿ," ಎಂದು ದಾಳ, ನಕಾಶೆ ಎಲ್ಲವನ್ನೂ ನನ್ನ ಮುಂದೆ ಇಟ್ಟರು. ಸಿಡಿಲಮ್ಮ ಎಂಬ ಕತ್ತಿವರಸೆಯವಳಾದರು. ಅಷ್ಟು ಶಿಸ್ತಿನ ಹೆಂಗಸು ಆಟಕ್ಕಿಳಿದ ಕೂಡಲೇ ಚಿಕ್ಕ ಹುಡುಗಿಯಂತಾದರು. ಯಾರ ಮಾತೂ ಕೇಳದೆ ಗುಹೆಯೊಳಗೆ ಮುಂದೆ ಓಡಿದರು, ಕತ್ತಲ ಕಂದಕವನ್ನು ಹಾರುತ್ತೇನೆಂದು ಹಟ ಹಿಡಿದರು. ದಾಳ ಉರುಳಿಸಿದರೆ ಒಂದು ಬಿತ್ತು.

"ಟೇಬಲ್ ಅಲುಗ್ಯಾಡಿತ್ರಿ. ಇನ್ನೊಂದು ಸಲ ಹಾಕ್ತೀನಿ," ಎಂದರು.

"ಬರಂಗಿಲ್ಲ ಮೇಡಂ. ಸಿಡಿಲಮ್ಮ ಸತ್ಲು."

ಅವರು ತಂಗಿಯತ್ತ ನೋಡಿದರು. ಗೀತಾ ಚಾವಣಿ ನೋಡಿದಳು. ಬಸು ಒಣದ್ರಾಕ್ಷಿ ರಾಣಿಯ ದನಿಯಲ್ಲಿ, "ಓಡಬ್ಯಾಡ ಅಂದ್ರ ಕೇಳ್ತಿಯೇನ ಮೂಳಿ," ಎಂದು ಬೈದ. ಮೇಡಂ ಎದ್ದು ಚಹಾ ಮಾಡಲು ಒಳಗೆ ಹೋದರು, ಹೊರಗೆ ಬರಲು ಬಹಳ ಹೊತ್ತು ಮಾಡಿದರು.

ಈಗ ಭಾನುವಾರದ ಆಟ ನನ್ನ ಮನೆಯಲ್ಲಿ ನಡೆಯುತ್ತದೆ. ಸಂಜೆ ಕಾರವಾರದಿಂದ ತಪ್ಪದೆ ಫೋನು ಬರುತ್ತದೆ.

"ನನ್ನ ಹೆಣ ತಗದ್ರೇನ್ರಿ?"

"ಇನ್ನೂ ಇಲ್ರಿ ಮೇಡಂ. ಕಂದಕ ಭಾಳ ಆಳ ಐತಿ."

"ಅವಸರ ಇಲ್ಲ, ಸಾವಕಾಶ ತಗೀರಿ. ಮುಂದಿನ ವಾರ ಕೇಳ್ತೀನಿ."

ಹೆಣ ತೆಗೆಯುವುದು ಕಷ್ಟವೇನಲ್ಲ. ಗೀತಾಳ ಜೋಳಿಗೆಯಲ್ಲಿ ಉದ್ದನೆಯ ಹಗ್ಗವಿದೆ, ಅದು ನಮಗೆಲ್ಲರಿಗೂ ಗೊತ್ತು. ಯಾರೂ ಆ ಮಾತು ಎತ್ತುವುದಿಲ್ಲ.