ಎದುರು ಸೊಲ್ಲು

ಪಾಲಾಕ್ಷನ ಗಿಟಾರಿಗೆ ಮೊದಲು ಶಾಪ ಹಾಕಿದವನು ನಾನು. ಹಾಕದೆ ಏನು ಮಾಡಲಿ? ಚನ್ನರಾಯಪಟ್ಟಣದಲ್ಲಿ ಅವನ ಕನ್ನಡಕದ ಅಂಗಡಿಗೂ ನನ್ನ ಫೋಟೊ ಸ್ಟುಡಿಯೋಗೂ ನಡುವೆ ಇರುವುದು ಒಂದೇ ಒಂದು ತೆಳು ಗೋಡೆ. ಮದುವೆ ವಿಡಿಯೋ ಎಡಿಟ್ ಮಾಡಲು ಕೂತರೆ ಆ ಕಡೆಯಿಂದ ಟಂಯ್ ಟಂಯ್. ನಲವತ್ತೇಳರ ಗಂಡಸು, ತಲೆಯಲ್ಲಿ ಎಣಿಸಿದರೆ ನೂರು ಕೂದಲು. ಮಗಳು ಮಾನಸಾ ಕಾಲೇಜಿನಲ್ಲಿದ್ದಾಗ ಹಠ ಮಾಡಿ ತರಿಸಿಕೊಂಡು, ಎರಡೇ ತಿಂಗಳಿಗೆ ಬೇಜಾರಾಗಿ ಬೀರುವಿನ ಮೇಲೆ ಹಾಕಿದ್ದ ಗಿಟಾರು ಅದು. ಸುಮ್ಮನೆ ಹಾಳಾಗುತ್ತಲ್ಲ ಎಂದು ಇವನು ಇಳಿಸಿಕೊಂಡ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಯ್ಯ?” ಎಂದು ನಾನು ಕೂತಲ್ಲಿಂದಲೇ ಕೂಗುತ್ತಿದ್ದೆ. “ಬಗ್ದೆ ಇದ್ರೆ ಮುರೀಲಿ ಬಿಡು ಕುಮಾರಣ್ಣ” ಎಂದು ಅವನೂ ಅಲ್ಲಿಂದಲೇ ಕೂಗುತ್ತಿದ್ದ.

ಆಸಾಮಿ ಬಿಡಲಿಲ್ಲ. ಭಾನುವಾರ ಬಂದರೆ ಹಾಸನದ ಬಸ್ಸು ಹತ್ತುತ್ತಿದ್ದ. ಅಲ್ಲಿ ಸುದರ್ಶನ್ ಅಂತ ಒಬ್ಬರು ಸಂಗೀತದ ಮೇಷ್ಟ್ರು. ಅವರಿಗೆ ಜಾಝ್ ಹುಚ್ಚು. ಅಮೆರಿಕದ ಕರಿಯರು ಕಟ್ಟಿ ಬೆಳೆಸಿದ ಸಂಗೀತವಂತೆ ಅದು. ಅದರಲ್ಲಿ ಎಲ್ಲರೂ ನುಡಿಸುವ, ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲೇ ನುಡಿಸುವ ಹಳೆಯ ಹಾಡುಗಳಿಗೆ ‘ಸ್ಟ್ಯಾಂಡರ್ಡ್’ ಅನ್ನುತ್ತಾರಂತೆ. ನಾಲ್ಕು ವರ್ಷದಲ್ಲಿ ಪಾಲಾಕ್ಷ ಅಂಥವನ್ನು ಹದಿನೈದೋ ಇಪ್ಪತ್ತೋ ಕಲಿತ. ಕಣ್ಣಿನ ನಂಬರ್ ತೋರಿಸಲು ಬಂದ ತೆಂಗಿನಕಾಯಿ ಮಂಡಿಯವರು ಅವನ ಹಾಡು ಮುಗಿಯುವವರೆಗೆ ಸ್ಟೂಲಿನ ಮೇಲೆ ಕಾಯುವುದು ರೂಢಿಯಾಯಿತು. ಒಂದು ದಿನ ಗೋಡೆಯಾಚೆ ಸದ್ದು ನಿಂತಾಗ “ಯಾಕೋ ನಿಂತೋಯ್ತಲ್ಲ” ಎಂದು ನನಗೇ ಅನಿಸಿತು. ಅದನ್ನು ಅವನಿಗೆ ಹೇಳಲಿಲ್ಲ, ಹೇಳಿದ್ದರೆ ತಲೆ ಮೇಲೆ ಕೂರುತ್ತಿದ್ದ.

ಮನೆಯಲ್ಲಿ ಮಾತ್ರ ಅವನಿಗೆ ಸುಖವಿರಲಿಲ್ಲ. ತಾಯಿ ಬಸವಲಿಂಗಮ್ಮನಿಗೆ ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ಅದಕ್ಕೆ ಹದಿನೈದು ದಿನ ಮುಂಚೆ ಅವಳ ಓರಗಿತ್ತಿ ಮಲ್ಲಿಗಮ್ಮ ತೀರಿಕೊಂಡಿದ್ದಳು. ನುಗ್ಗೇಹಳ್ಳಿಯ ಮನೆಯಲ್ಲಿ ಒಂದೇ ಬೀಸುಕಲ್ಲಿನ ಎರಡು ಕಡೆ ಕೂತು ಮೂವತ್ತು ವರ್ಷ ರಾಗಿ ಬೀಸಿದ ಹೆಂಗಸರು ಅವರು. ಗಂಡಂದಿರು ಜಗಳವಾಡಿ ಪಾಲಾದರು, ಇವರು ಕಲ್ಲು ಬಿಡಲಿಲ್ಲ. ಊರಿಗೆ ಮಿಲ್ಲು ಬಂದಮೇಲೂ ಹಿಟ್ಟಿಗೆ ರುಚಿಯಿಲ್ಲ ಎಂಬ ನೆಪ ಹೇಳಿ ಬೀಸುತ್ತಿದ್ದರಂತೆ. ಈಗ ಮಂಚದ ಮೇಲೆ ಮಲಗಿ ಸೂರು ನೋಡುವ ತಾಯಿಯ ಬಗ್ಗೆ ಪಾಲಾಕ್ಷನಿಗೆ ಒಂದೇ ಆಸೆ. “ಬೈದ್ರೂ ಸೈ ಕುಮಾರಣ್ಣ, ಅವ್ವ ಬಾಯಿ ಬುಟ್ಟು ಒಂದ್ ಮಾತಾಡುದ್ರೆ ಸಾಕು” ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಸುದರ್ಶನ್ ಮೇಷ್ಟ್ರು ಮನೆಯಲ್ಲಿ ಮಾಡಲು ಒಂದು ಹೋಂವರ್ಕ್ ಕೊಟ್ಟರು. ನಿಮ್ಮ ಮನೆಯ ಹಳೆ ಪದ ಒಂದನ್ನು ತೆಗೆದುಕೊ, ಅದೂ ನಿಮ್ಮ ಪಾಲಿಗೆ ಸ್ಟ್ಯಾಂಡರ್ಡೇ. ಆದರೆ ಒಬ್ಬನೇ ಮಾತಾಡಬೇಡ. ನಾಲ್ಕು ಆವರ್ತ ನುಡಿಸು, ನಾಲ್ಕು ಆವರ್ತ ಖಾಲಿ ಬಿಡು. ಎದುರಿಗೆ ಇನ್ನೊಬ್ಬ ಉತ್ತರ ಕೊಡುತ್ತಿದ್ದಾನೆ ಎಂದುಕೊಂಡು ಕಾಯಿ, ಅಂದರು. ಪಾಲಾಕ್ಷನಿಗೆ ನೆನಪಾದದ್ದು ಬೀಸುವ ಪದ. ಅದರಲ್ಲೂ ಹಾಗೆಯೇ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಎದುರಿನವಳು ಅದಕ್ಕೆ ಎದುರು ಸೊಲ್ಲು ಕೊಡುತ್ತಾಳೆ. ಎತ್ತುತ್ತಿದ್ದವಳು ಬಸವಲಿಂಗಮ್ಮ, ಕೊಡುತ್ತಿದ್ದವಳು ಮಲ್ಲಿಗಮ್ಮ.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಮನೆಗೆ ಹೋದವನು ಮೂರು ಗಂಟೆಗೆ ಚಪ್ಪಲಿಯೂ ಇಲ್ಲದೆ ನನ್ನ ಸ್ಟುಡಿಯೋಗೆ ಓಡಿಬಂದ. ಕಣ್ಣಲ್ಲಿ ನೀರು.

“ಅವ್ವ ಹಾಡುದ್ಲು ಕುಮಾರಣ್ಣ! ನಾನು ಸೊಲ್ಲು ನುಡಿಸಿ ಖಾಲಿ ಬುಟ್ಟೆ. ಮಂಚದ್ ಮ್ಯಾಗಿಂದ ಅವ್ವ ಎತ್ಕೊಂಡ್ಲು ಕಣಣ್ಣ!”

ಎಡಿಟಿಂಗ್ ಅರ್ಧಕ್ಕೇ ಬಿಟ್ಟು ಎದ್ದೆ. ನಾಳೆಯೇ ರೆಕಾರ್ಡ್ ಮಾಡೋಣ ಎಂದೆ.

ಮಾರನೆಯ ಮಧ್ಯಾಹ್ನ ಮದುವೆಗೆ ಒಯ್ಯುವ ಒಳ್ಳೆಯ ಮೈಕನ್ನೇ ಮಂಚದ ಪಕ್ಕಕ್ಕಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಹೊರಗೆ ಉರಿಬಿಸಿಲು, ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು. ಪಾಲಾಕ್ಷ ಮೊದಲ ಸೊಲ್ಲು ನುಡಿಸಿ ಕೈ ಎತ್ತಿದ. ಬಸವಲಿಂಗಮ್ಮನ ಬಾಯಿ ತೆರೆಯಿತು.

“ಬೀಸಕ್ಕ ಬೀಸು, ಬಿಡಬ್ಯಾಡ ಗೂಟವ, ಎದುರೀಗೆ ನಾನು ಇರುವೇನು.” ಕೊನೆಯಲ್ಲಿ ‘ಹೂಂ’ ಎಂದು ಒಂದು ಒತ್ತು, ಕಲ್ಲಿನ ಗೂಟ ತಳ್ಳುವವರು ಉಸಿರು ಬಿಡುವ ಹಾಗೆ.

ಹೆಡ್‌ಫೋನಿನಲ್ಲಿ ಹಾಡಿನ ಅಡಿಗೆ ಇನ್ನೊಂದು ಸದ್ದಿತ್ತು. ಗರ ಗರ, ಗರ ಗರ. ಇಪ್ಪತ್ತು ವರ್ಷ ಮೈಕು ಹಿಡಿದವನು ನಾನು, ದೆವ್ವಕ್ಕೆ ಮೊದಲು ಫ್ರಿಜ್ಜನ್ನು ಅನುಮಾನಿಸುತ್ತೇನೆ. ಫ್ರಿಜ್ ಆರಿಸಿದೆ, ಫ್ಯಾನ್ ನಿಲ್ಲಿಸಿದೆ, ಕೊನೆಗೆ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಗರ ಗರ ನಿಲ್ಲಲಿಲ್ಲ. ಆ ಮನೆಯಲ್ಲಿ ಬೀಸುಕಲ್ಲೇ ಇಲ್ಲ. ನುಗ್ಗೇಹಳ್ಳಿಯ ಮನೆ ಮಾರಿದಾಗ ಅದು ಅಲ್ಲೇ ಉಳಿದಿತ್ತು.

ಅಡುಗೆಮನೆಯ ಬಾಗಿಲಲ್ಲಿ ಪಾಲಾಕ್ಷನ ಹೆಂಡತಿ ಪ್ರೇಮಕುಮಾರಿ ಚೌಕಟ್ಟು ಹಿಡಿದು ನಿಂತಿದ್ದಳು.

“ಇದು ಅತ್ತೆ ಗಂಟ್ಲಲ್ಲ ಕಣ್ರೀ” ಎಂದಳು. “ಚಿಕ್ಕತ್ತೆದು, ಮಲ್ಲಿಗಮ್ಮನೋರ್ದು. ಆ ‘ಹೂಂ’ ಅನ್ನೋದು ಅವ್ರೇಯ.”

“ಸುಮ್ಕಿರು” ಎಂದು ಪಾಲಾಕ್ಷ ಗದರಿದ. ಅವನಿಗೂ ಅದು ಗೊತ್ತಾಗಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು. ಆದರೂ ಎರಡನೇ ಸೊಲ್ಲು ನುಡಿಸಿದ. ಒಂದೂವರೆ ವರ್ಷ ಕಾದವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹೀಗೆ ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಬೆಳಗ್ಗೆ ಪ್ರೇಮಕುಮಾರಿ ಅತ್ತೆಗೆ ಮೈ ಒರೆಸುವಾಗ ಕೂಗಿಕೊಂಡಳು. ಬಸವಲಿಂಗಮ್ಮನ ಬಲ ಅಂಗೈಯಲ್ಲಿ ಮೂರು ಬೊಬ್ಬೆ ಎದ್ದಿದ್ದವು, ಒಂದು ಒಡೆದು ನೀರು ಸೋರುತ್ತಿತ್ತು. ಒಂದೂವರೆ ವರ್ಷದಿಂದ ಒಂದು ಬೆರಳೂ ಅಲ್ಲಾಡದ ಕೈ ಅದು. ಡಾಕ್ಟರು ಮುಲಾಮು ಬರೆದು, ಮಲಗಿದವರನ್ನು ಸರಿಯಾಗಿ ನೋಡಿಕೊಳ್ಳಬೇಕು ಎಂದು ಪ್ರೇಮಕುಮಾರಿಗೇ ಬೈದು ಕಳಿಸಿದರು. ಪಾಪ, ಅವಳಷ್ಟು ಚೆನ್ನಾಗಿ ಯಾವ ಸೊಸೆಯೂ ನೋಡಿಕೊಂಡಿಲ್ಲ. ಮನೆಗೆ ಬಂದವಳೇ ಗಂಡನಿಗೆ ಹೇಳಿದಳು, “ಆ ಪದ ನಿಲ್ಸಿ. ಇಲ್ದಿದ್ರೆ ಅತ್ತೆ ಉಳಿಯಾಕಿಲ್ಲ.”

ಪಾಲಾಕ್ಷ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಎರಡು ದಿನ ಮನೆ ತಣ್ಣಗಿತ್ತು. ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ ಯಾರೂ ಏನೂ ನುಡಿಸದಿದ್ದರೂ ಬಸವಲಿಂಗಮ್ಮ ಬಾಯಿ ತೆರೆದಳು. “ಬೀಸಕ್ಕ ಬೀಸು, ಬಿಡಬ್ಯಾಡ ಗೂಟವ.” ಸಂಜೆಯವರೆಗೆ ನಿಲ್ಲಿಸಲಿಲ್ಲ. ಹಣೆಯಲ್ಲಿ ಬೆವರು, ತೇಕುಸಿರು, ಅಂಗೈಯಲ್ಲಿ ನಾಲ್ಕನೆಯ ಬೊಬ್ಬೆ. ರಾತ್ರಿ ಒಂದು ಗುಟುಕು ಗಂಜಿಯೂ ಇಳಿಯಲಿಲ್ಲ.

ಮರುದಿನ ಬೆಳಗ್ಗೆಯೇ ಪಾಲಾಕ್ಷನೂ ನಾನೂ ನುಗ್ಗೇಹಳ್ಳಿಗೆ ಹೋದೆವು. ಆ ಕಾಲದಲ್ಲಿ ಬೀಸುತ್ತಿದ್ದವರಲ್ಲಿ ಉಳಿದವಳು ಹೊನ್ನಕ್ಕ ಒಬ್ಬಳೇ. ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಎಲ್ಲವನ್ನೂ ಕೇಳಿದಳು. ಕೇಳಿ ಮುಗಿಸಿ ಕುಟ್ಟಾಣಿ ಪಕ್ಕಕ್ಕಿಟ್ಟಳು.

“ಓದಿರೋನು ಕಣ್ಲಾ ನೀನು, ಬರಿಗಲ್ಲು ಬೀಸಬಾರ್ದು ಅಂತ ಗೊತ್ತಿಲ್ವೆ? ಕಾಳಿಲ್ದೆ, ಎದುರಾಳಿಲ್ದೆ ಸೊಲ್ಲೆತ್ತಿದ್ದೀಯ. ಅದ್ರ ಮ್ಯಾಲೆ ಜಾಗ ಬ್ಯಾರೆ ಬುಟ್ಟಿದ್ದೀಯ. ಬುಟ್ಟ ಜಾಗಕ್ಕೆ ಮಲ್ಲಿಗಮ್ಮ ಬಂದು ಕೂತವ್ಳೆ.”

“ಈಗೇನ್ ಮಾಡ್ಲಿ ಹೊನ್ನಕ್ಕ?”

“ಎತ್ತಿದೋನೇ ಇಳಿಸ್ಬೇಕು. ಬೀಸಿ ಆದ್ಮೇಲೆ ಕಲ್ಲಿಗೆ ‘ಮಲ್ಕೊ ತಾಯಿ’ ಅಂತ ಒಂದ್ ಕಡೇ ಸೊಲ್ಲು ಏಳ್ತಿದ್ವಿ. ಒಂದೊಂದ್ ಮನೇದು ಒಂದೊಂದ್ ತರ. ನಿಮ್ಮನೇದು ಅವ್ರಿಬ್ರಿಗೇ ಗೊತ್ತಿದ್ದುದ್ದು.” ಹೊನ್ನಕ್ಕ ಕುಟ್ಟಿದ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. “ಒಂದ್ ತಿಳ್ಕೊ ಮಗ. ಇಳಿಸಿದ್ ಮ್ಯಾಲೆ ಎದುರಾಳು ಎದ್ದೋಯ್ತಾಳೆ. ಆಮ್ಯಾಕೆ ಎಷ್ಟ್ ಕರುದ್ರೂ ಬರಾಕಿಲ್ಲ.”

ವಾಪಸ್ ಬರುವ ಬಸ್ಸಿನಲ್ಲಿ ಪಾಲಾಕ್ಷ ಕಿಟಕಿಯ ಹೊರಗೇ ನೋಡುತ್ತಿದ್ದ. ಊರು ಹತ್ತಿರ ಬಂದಾಗ ಹೇಳಿದ, “ಗಂಟ್ಲು ಚಿಕ್ಕವ್ವಂದೇ ಇರ್ಲಿ ಕುಮಾರಣ್ಣ, ಬಾಯಿ ಅವ್ವಂದು. ಆ ಬಾಯಿ ಅಲ್ಲಾಡೋದ ನೋಡ್ಕಂಡು ನಾನು ಒಂಬತ್ತು ದಿನ ಎಷ್ಟು ಸುಖವಾಗಿದ್ದೆ ಗೊತ್ತಾ?” ನನಗೆ ಅಳು ಬಂತು. ಕಂಡಕ್ಟರನ ಮೇಲೆ ಸಿಟ್ಟು ಮಾಡಿಕೊಂಡು ಹೇಗೋ ನುಂಗಿಕೊಂಡೆ.

ಆ ಮಧ್ಯಾಹ್ನ ಮೂರಕ್ಕೆ ನಾನು ಮತ್ತೆ ಮೈಕು ಇಟ್ಟೆ. ಕೊನೆಯ ಸಲವಾದರೆ ರೆಕಾರ್ಡಾದರೂ ಇರಲಿ ಎಂದು ಪಾಲಾಕ್ಷನೇ ಕೇಳಿಕೊಂಡಿದ್ದ. ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ, ನನಗೆ ಧೈರ್ಯ ಸಾಲಲಿಲ್ಲ. ಪ್ರೇಮಕುಮಾರಿ ಬಂದು ನನ್ನ ಪಕ್ಕ ನಿಂತಳು. ಪಾಲಾಕ್ಷ ಸೊಲ್ಲು ಎತ್ತಿದ. ಈ ಸಲ ಖಾಲಿ ಬಿಡಲಿಲ್ಲ. ಎದುರು ಸೊಲ್ಲನ್ನೂ ತಾನೇ ನುಡಿಸಿದ, ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಬಸವಲಿಂಗಮ್ಮನ ಬಾಯಿ ತೆರೆಯುತ್ತಿತ್ತು, ಜಾಗ ಸಿಗದೆ ಮುಚ್ಚುತ್ತಿತ್ತು. ಸೆರಗು ಹಿಡಿದು ಎಳೆಯುವವರ ಹಾಗೆ ಅವಳ ಎಡಗೈ ಗಾಳಿಯಲ್ಲಿ ತಡಕಾಡಿತು. ಅವನು ಕಣ್ಣು ಮುಚ್ಚಿಕೊಂಡೇ ನುಡಿಸಿದ.

ಕಡೇ ಸೊಲ್ಲು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನಿಂತ ನಿಲುವಿನಲ್ಲೇ ಕಟ್ಟುವುದನ್ನೇ ಅಲ್ಲವೇ ನಾಲ್ಕು ವರ್ಷ ಹಾಸನಕ್ಕೆ ಹೋಗಿ ಕಲಿತದ್ದು. ಪದದ ಧಾಟಿಯನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸಿದ. ಆ ಊರಿನದೂ ಅಲ್ಲದ, ಈ ಊರಿನದೂ ಅಲ್ಲದ ಸ್ವರಗಳನ್ನು ದಾಟಿಸಿ, ಹೊರಟ ಸ್ವರಕ್ಕೇ ತಂದು ನಿಲ್ಲಿಸಿ, ತಂತಿಗಳ ಮೇಲೆ ಅಂಗೈ ಒತ್ತಿದ. “ಮಲ್ಕೊ ತಾಯಿ” ಎಂದು ಬಾಯಲ್ಲೂ ಹೇಳಿದ.

ಮನೆ ನಿಶ್ಶಬ್ದವಾಯಿತು. ಅಷ್ಟು ದಿನ ಹೆಡ್‌ಫೋನ್ ಇಲ್ಲದೆಯೂ ನಮ್ಮ ಪಾದದಡಿ ಏನೋ ಗುರುಗುಡುತ್ತಿತ್ತು ಎಂಬುದು ಅದು ನಿಂತಾಗಲೇ ನನಗೆ ತಿಳಿಯಿತು.

ಬಸವಲಿಂಗಮ್ಮ ಮಗನ ಕಡೆ ತಿರುಗಿದಳು. ತುಟಿ ಅಲ್ಲಾಡಿತು.

“ಯಾಕ್ಲಾ ಮಗ ನಿಲ್ಲಿಸ್ಬುಟ್ಟೆ?”

ಈ ಸಲ ಅವಳದೇ ಗಂಟಲು. ಪ್ರೇಮಕುಮಾರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಪಾಲಾಕ್ಷ ಗಿಟಾರು ಬಿಸಾಡಿ “ಅವ್ವಾ, ಅವ್ವಾ” ಎಂದು ಮಂಚಕ್ಕೆ ಓಡಿದ. ಅವಳು ಮುಖವನ್ನು ಗೋಡೆಯ ಕಡೆ ಮಾಡಿಕೊಂಡುಬಿಟ್ಟಿದ್ದಳು.

ಇದಾಗಿ ಎಂಟು ತಿಂಗಳು. ಬಸವಲಿಂಗಮ್ಮ ಇದ್ದಾಳೆ, ಬೊಬ್ಬೆ ಮಾಯ್ದಿವೆ, ಮೂರು ಹೊತ್ತು ಗಂಜಿ ಕುಡಿಯುತ್ತಾಳೆ. ಅವತ್ತಿನಿಂದ ಒಂದು ಮಾತೂ ಆಡಿಲ್ಲ. ಪಾಲಾಕ್ಷ ಅಂಗಡಿಯಲ್ಲಿ ಅದೇ ಸ್ಟ್ಯಾಂಡರ್ಡುಗಳನ್ನು ನುಡಿಸುತ್ತಾನೆ, ಎಲ್ಲೂ ಖಾಲಿ ಬಿಡದೆ. ಆಗಾಗ ನನ್ನ ಸ್ಟುಡಿಯೋಗೆ ಬಂದು, “ಆ ಕೊನೇ ಮಾತು ನಿನ್ ಮೈಕಿಗೆ ಬಿದ್ದಿಲ್ವಾ ಕುಮಾರಣ್ಣ? ಸರಿಯಾಗ್ ನೋಡು” ಎಂದು ಕೇಳುತ್ತಾನೆ. “ಇಲ್ಲ ಕಣಯ್ಯ, ಹಾಡು ಮುಗಿದ ತಕ್ಷಣ ಆಫ್ ಮಾಡ್ಬುಟ್ಟಿದ್ದೆ” ಎನ್ನುತ್ತೇನೆ. ಅವನಿಗೆ ಕೊಟ್ಟಿರುವ ರೆಕಾರ್ಡಿಂಗನ್ನು ನಾನು ಹಾಡು ಮುಗಿಯುವಲ್ಲಿಗೇ ಕತ್ತರಿಸಿ ಕೊಟ್ಟಿದ್ದೇನೆ. ಮಾತು ಬಿದ್ದಿದೆ. ಅದರ ಹಿಂದೆಯೇ, ಮಂಚದ ಆ ಪಕ್ಕದಿಂದ, ಇನ್ನೊಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತ ದೂರ ಹೋಗುವುದೂ ಬಿದ್ದಿದೆ. ಅದು ಪ್ರೇಮಕುಮಾರಿ ಅಲ್ಲ, ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ತಾಯಿಯ ಪ್ರಶ್ನೆಯೊಂದನ್ನೇ ಹೊರಲಾರದೆ ಒದ್ದಾಡುತ್ತಿರುವವನಿಗೆ ಇದನ್ನೂ ಹೇಗೆ ಕೇಳಿಸಲಿ?