ಉಣ್ಣೆ ಓಬಕ್ಕ ಬಾಯಿ ಬಿಟ್ಟದ್ದು

ಹಿರಿಯೂರಿನ ಹತ್ತಿರದ ಆದಿವಾಲದ ಸುತ್ತಮುತ್ತ ಉಣ್ಣೆ ಓಬಕ್ಕ ಎಂದರೆ ಗೊತ್ತಿಲ್ಲದವರು ಇರಲಿಲ್ಲ. ಹೊರಗಿನವರು ಮಾತ್ರ ಆ ಹೆಸರು ಕೇಳಿ ಮೋಸ ಹೋಗುತ್ತಿದ್ದರು. ಒಂದು ಸಲ ಚಿತ್ರದುರ್ಗದ ಕಂಬಳಿ ವ್ಯಾಪಾರಿಯೊಬ್ಬ ಬಸ್ಸಿಳಿದು, ಬಿಸಿಲಲ್ಲಿ ಮನೆ ಹುಡುಕಿಕೊಂಡು ಬಂದು, “ಉಣ್ಣೆ ಐತಂತಲ್ಲಮ್ಮ, ತೋರಿಸ್ರಿ ನೋಡಾಣ” ಎಂದ. ಓಬಕ್ಕ ಒಳಗೆ ಹೋಗಿ ಒಂದು ಡಬ್ಬಿ ತಂದು ಅವನ ಮೂಗಿನ ಕೆಳಗೇ ಮುಚ್ಚಳ ತೆಗೆದಳು. ಉಪ್ಪುನೀರಿನಲ್ಲಿ, ನಾಯಿಗಳ ಮೈಯಿಂದ ಕಿತ್ತ ಉಣ್ಣೆಗಳು ರಕ್ತ ಕುಡಿದು ಹರಳುಬೀಜದಂತೆ ಊದಿಕೊಂಡು ತೇಲುತ್ತಿದ್ದವು. ವ್ಯಾಪಾರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

“ಯಾಕಪ್ಪ, ಸಾಲದಾ? ಒಳಗೆ ಇನ್ನೊಂದು ಡಬ್ಬಿ ಐತೆ” ಎಂದಳು ಓಬಕ್ಕ. ಆ ಮನುಷ್ಯ ಚಹಾ ಕೂಡ ಕುಡಿಯದೆ ಹೋದನಂತೆ.

ಏನು ಮಾಡುವುದು ಹೇಳಿ, ಕುರಿಯ ಮೈಮೇಲೆ ಬೆಳೆಯುವುದೂ ಉಣ್ಣೆ, ನಾಯಿಯ ಕಿವಿಯಲ್ಲಿ ಕಚ್ಚಿ ಕೂರುವ ಹುಳವೂ ಉಣ್ಣೆ. ಒಂದು ಕುರಿಗಾರನಿಗೆ ಅನ್ನ ಕೊಡುತ್ತದೆ, ಇನ್ನೊಂದು ಅವನ ನಾಯಿಯ ರಕ್ತ ಹೀರುತ್ತದೆ. ಊರಿನವರಿಗೆ ಇದರಿಂದ ಎಂದೂ ತೊಂದರೆ ಆಗಿರಲಿಲ್ಲ. ಮಾತಿನ ಹಿಂದುಮುಂದು ನೋಡಿ ಯಾವ ಉಣ್ಣೆ, ಯಾವ ಪ್ರಾಣಿಯದು ಎಂದು ಅವರಿಗೆ ತಿಳಿಯುತ್ತಿತ್ತು. ತಿಳಿಯದೇ ಹೋದದ್ದು ಒಂದೇ ಒಂದು ಸಲ, ತೊಂಬತ್ತೆಂಟರಲ್ಲಿ. ಅದೂ ಓಬಕ್ಕನ ಸ್ವಂತ ಮನೆಯ ನಾಯಿಯ ವಿಷಯದಲ್ಲಿ.

ಓಬಕ್ಕನ ಗಂಡ ಯತ್ತಪ್ಪನಿಗೆ ಅರವತ್ತು ಕುರಿ. ಅರವತ್ತಕ್ಕೂ ಕಾವಲು ಕೆಂಚ ಎಂಬ ಒಂದೇ ನಾಯಿ. ಕೆಂಚ ಮರಿಯಾಗಿದ್ದಾಗ ತಾಯಿ ಸತ್ತಿತ್ತು. ಓಬಕ್ಕ ಮೇಕೆ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಸಾಕಿದ್ದಳು. ಕುರುಚಲು ಕಾಡಿನ ಅಂಚಿನಲ್ಲಿ ತೋಳ ಎರಡು ಸಲ ಹಿಂಡಿಗೆ ಬಿದ್ದಾಗಲೂ ಒಂದು ಮರಿ ಹೋಗದಂತೆ ನೋಡಿಕೊಂಡ ನಾಯಿ ಅದು. ಮಕ್ಕಳಿಲ್ಲದ ಮನೆಯಲ್ಲಿ ಅದಕ್ಕೆ ಯಾವ ಸ್ಥಾನ ಇತ್ತೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಓಬಕ್ಕನ ಕೆಲಸ ನೋಡಬೇಕಿತ್ತು! ಎಂಥ ಕಚ್ಚುವ ನಾಯಿಯಾದರೂ ಅವಳ ಮುಂದೆ ಮಗುವಿನ ಹಾಗೆ ಮಲಗುತ್ತಿತ್ತು. ಮೊದಲು ಕಿವಿಯ ಒಳಮಡಿಕೆ, ಆಮೇಲೆ ಕಾಲ್ಬೆರಳ ಸಂದು, ಆಮೇಲೆ ಬಾಲದ ಬುಡ. ಉಣ್ಣೆಯನ್ನು ಹಿಸುಕುತ್ತಿರಲಿಲ್ಲ, ತಿರುಚುತ್ತಿರಲಿಲ್ಲ. ಚರ್ಮಕ್ಕೆ ಹತ್ತಿಸಿ ಹಿಡಿದು ನೆಟ್ಟಗೆ ಎಳೆಯುತ್ತಿದ್ದಳು, ತಲೆ ಒಳಗೆ ಉಳಿಯುತ್ತಿರಲಿಲ್ಲ. ಚಿಗಟ ಇದ್ದರೆ ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನ ಸ್ನಾನ. ಕೊನೆಗೆ ಅವಳ ಮದ್ದು, ಗಾಜಿನ ಭರಣಿಯಲ್ಲಿದ್ದ ಹಸಿರುಗಪ್ಪು ಜಿಡ್ಡು. ಅದನ್ನು ಹಚ್ಚಿದ ಮಾರನೆಯ ದಿನ ಅಳಿದುಳಿದ ಉಣ್ಣೆಗಳು ತಾವಾಗಿ ಉದುರುತ್ತಿದ್ದವು.

ಅಷ್ಟಕ್ಕೇ ಬಿಡುವವಳೂ ಅಲ್ಲ. ನಾಯಿ ತಂದವರ ಮನೆಗೆ ತಾನೇ ಹೋಗಿ ಗೋಡೆ ನೋಡುತ್ತಿದ್ದಳು. “ನಾಯಿ ಮೇಲೆ ಕಾಣೋದು ಕಾಲುಭಾಗ ಕಣ್ರೋ, ಮುಕ್ಕಾಲು ಭಾಗ ಈ ಬಿರುಕ್ನಾಗೆ ಮೊಟ್ಟೆ ಇಟ್ಕಂಡು ಕುಂತೈತೆ” ಎಂದು ಬೈದು, ಬಿರುಕು ಮೆತ್ತಿಸಿ, ಸುಣ್ಣ ಹೊಡೆಸಿ, ನಾಯಿ ಮಲಗುವ ಗೋಣಿಚೀಲವನ್ನು ಬಿಸಿಲಿಗೆ ಹಾಕಿಸಿಯೇ ಹೊರಡುತ್ತಿದ್ದಳು. ಸೋಮಾರಿಗಳಿಗೆ ಅವಳ ಬಾಯಿಯೆಂದರೆ ಉಣ್ಣೆಗಿಂತ ಭಯ.

ಇಷ್ಟೆಲ್ಲ ಮಾತಾಡುವ ಓಬಕ್ಕ ಒಂದು ವಿಷಯದಲ್ಲಿ ಮಾತ್ರ ಕಲ್ಲು. ಭರಣಿಯ ಮದ್ದಿನಲ್ಲಿ ಏನೇನಿದೆ ಎಂದು ಯಾರಿಗೂ ಹೇಳಿದವಳಲ್ಲ. ಅದನ್ನು ಅವಳಿಗೆ ಕೊಟ್ಟವಳು ಅತ್ತೆ. ಕೊಡುವಾಗ ದೀಪ ಮುಟ್ಟಿಸಿ ಆಣೆ ಮಾಡಿಸಿದ್ದಳು: “ಮಾತು ಹೊರಗೆ ಬಿತ್ತೋ, ಮದ್ದು ಸತ್ತಂಗೆ. ಗಂಡಂಗೂ ಹೇಳಬ್ಯಾಡ.” ನಮ್ಮ ಕಡೆ ನಾಟಿ ಮದ್ದು ಬಲ್ಲವರೆಲ್ಲ ಹೀಗೇ. ಹೇಳಿದರೆ ಫಲ ಹೋಗುತ್ತದೆಂದು ನಂಬಿದವರು. ಓಬಕ್ಕ ಮದ್ದು ಅರೆಯಲು ಕೂತರೆ ಯತ್ತಪ್ಪ ತಾನಾಗಿ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಮೂವತ್ತು ವರ್ಷ ಹಾಗೆಯೇ ನಡೆದಿತ್ತು.

ಹಿರಿಯೂರಿನ ದನದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಅನುಸೂಯ ಆದಿವಾಲದಲ್ಲಿ ಶಿಬಿರ ಮಾಡಿದಾಗ ಈ ಭರಣಿಯ ಸುದ್ದಿ ಕೇಳಿ ಆಸೆಯಿಂದ ಬಂದಳು. “ಓಬಕ್ಕ, ಇದರಲ್ಲಿ ಏನು ಹಾಕ್ತೀರಿ? ತಿಳ್ಕೊಳ್ಳೋಣ ಅಂತ ಕೇಳ್ತಿದ್ದೀನಿ” ಎಂದಳು. ಓಬಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಿನ್ನ ಸೂಜಿ ನಿಂಗೆ, ನನ್ನ ಸೊಪ್ಪು ನಂಗೆ. ಹೋಗ್ ತಾಯಿ, ನಿನ್ನ ದಾರಿ ನೋಡ್ಕ” ಎಂದು ಹತ್ತು ಜನರ ಮುಂದೆ ಅಟ್ಟಿಬಿಟ್ಟಳು. ಡಾಕ್ಟರು ಪಾಪ, ನಕ್ಕು ಶಿಬಿರಕ್ಕೆ ಮರಳಿದಳು.

ಆ ತೊಂಬತ್ತೆಂಟರ ಬೇಸಿಗೆಯಲ್ಲಿ ಓಬಕ್ಕನ ತಂಗಿಗೆ ಹುಷಾರಿಲ್ಲವೆಂದು ಹೊಸದುರ್ಗದಿಂದ ಹೇಳಿಕಳಿಸಿದರು. ನಾಲ್ಕು ದಿನಕ್ಕೆಂದು ಹೋದವಳು ಹದಿನೈದು ದಿನ ನಿಂತಳು. ಇತ್ತ ಬಿಸಿಲೇರಿದಂತೆ ಕೆಂಚನ ಮೈತುಂಬ ಉಣ್ಣೆ. ಭರಣಿ ನೋಡಿದರೆ ಖಾಲಿ. ಮುಂದಿನ ಸೋಮವಾರ ಹೊಳಲ್ಕೆರೆ ಕಡೆಯ ಹೊಲಗಳಿಗೆ ಹಿಂಡು ಹೊರಡಬೇಕು, ದಾರಿಯುದ್ದ ತೋಳದ ಕಾಟ, ನಾಯಿ ಮಾತ್ರ ಕಿವಿ ಕೆರೆದುಕೊಳ್ಳುತ್ತ ಎದ್ದೇಳದು. ಯತ್ತಪ್ಪ ಹಿರಿಯೂರಿಗೆ ಹೋಗಿ ಔಷಧಿ ಅಂಗಡಿಯ ಮುಂದೆ ನಿಂತು, “ಉಣ್ಣೆಗೆ ಔಷಧಿ ಕೊಡ್ರಿ” ಎಂದ.

ಅಂಗಡಿಯವನು ಹೆಗಲ ಮೇಲಿನ ಕಂಬಳಿ ನೋಡಿದ. “ಎಷ್ಟು ಕುರಿ?” ಎಂದ.

“ಅರವತ್ತು” ಎಂದ ಯತ್ತಪ್ಪ. ಕೇಳಿದ್ದಕ್ಕೆ ಹೇಳಿದ, ಅಷ್ಟೇ.

ಅಂಗಡಿಯವನು ಕುರಿ ಹಿಂಡಿಗೆ ಹೊಡೆಯುವ ಔಷಧಿಯ ಬಾಟ್ಲಿ ಕೊಟ್ಟು, ಬಕೀಟು ನೀರಿಗೆ ಒಂದು ಮುಚ್ಚಳ ಎಂದು ಹೇಳಿ ಕಳಿಸಿದ. ನಾಯಿ ಎಂಬ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಯತ್ತಪ್ಪನಿಗೆ ಓದು ಬರದು. ಕೆಂಚನ ಮೈಮೇಲೆ ಉಣ್ಣೆ ಜಾಸ್ತಿ ಇವೆಯೆಂದು ಮೂರು ಮುಚ್ಚಳ ಸುರಿದು ಮೈಗೆಲ್ಲ ಹೊಯ್ದ. ಕುರಿ ತನ್ನ ಮೈ ನೆಕ್ಕುವುದಿಲ್ಲ. ನಾಯಿ ನೆಕ್ಕುತ್ತದೆ.

ಅದೇ ದಿನ ಮಧ್ಯಾಹ್ನ ಓಬಕ್ಕ ಬಸ್ಸಿಳಿದಳು. ಹೊಸದುರ್ಗದ ಧೂಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು, ಇಲ್ಲದಿದ್ದರೆ ಆ ಔಷಧಿಯ ವಾಸನೆ ಬಾಗಿಲಲ್ಲೇ ಹಿಡಿಯುತ್ತಿದ್ದಳು. ಮಂಕಾಗಿ ಮಲಗಿದ್ದ ಕೆಂಚನನ್ನು ನೋಡಿ, “ಯಾಕೆ ಹಿಂಗೈತೆ?” ಎಂದಳು.

ಯತ್ತಪ್ಪನಿಗೆ ಹೆಂಡತಿಯ ಬಾಯಿ ಗೊತ್ತು. ಅಂಗಡಿ ಔಷಧಿ ತಂದೆ ಎಂದರೆ ಊರೇ ಕೇಳುವಂತೆ ಬೈಯುತ್ತಾಳೆ. “ಬಿಸಿಲಿಗೆ ಸುಸ್ತಾಗೈತೆ” ಎಂದುಬಿಟ್ಟ.

“ಉಣ್ಣೆ ರಕ್ತ ಕುಡಿದವೆ, ಬಿಸಿಲಂತೆ ಬಿಸಿಲು!” ಎಂದು ಓಬಕ್ಕ ಸೀರೆ ಕೂಡ ಬದಲಿಸದೆ ಅರೆಯಲು ಕೂತಳು. ಯತ್ತಪ್ಪ ಎಂದಿನಂತೆ ಹೊರಗೆ ಹೋದ. ಒಳಗೆ ಅವಳು ಹೊಸ ಮದ್ದನ್ನು ಆ ವಿಷದ ಮೇಲೆಯೇ ತಲೆಯಿಂದ ಬಾಲದವರೆಗೆ ತಿಕ್ಕಿ ಹಚ್ಚಿದಳು.

ಗಂಟೆ ಕಳೆಯುವಷ್ಟರಲ್ಲಿ ಕೆಂಚನ ಬಾಯಿಂದ ಜೊಲ್ಲು ಸುರಿಯತೊಡಗಿತು. ಕಾಲು ನಡುಗಿ ನಡುಗಿ ಮಡಚಿಕೊಂಡವು. ಪಕ್ಕದ ಮನೆಯ ಸಿದ್ದಕ್ಕ ಓಡಿಬಂದು, “ಎಣ್ಣೆ ಕುಡಿಸೇ, ಎಣ್ಣೆ ಕುಡಿಸಿದ್ರೆ ಕಕ್ಕುತ್ತೆ” ಎಂದಳು. ಓಬಕ್ಕ ನಾಯಿಯ ಬಾಯಿ ಬಿಡಿಸಿ ನೋಡಿದಳು. ಮೂವತ್ತು ವರ್ಷದಲ್ಲಿ ಅವಳ ಮದ್ದಿಗೆ ಒಂದು ನಾಯಿಯೂ ಹೀಗೆ ಬಿದ್ದಿರಲಿಲ್ಲ.

ಗಲಾಟೆ ಕೇಳಿ ಬಂದ ಯತ್ತಪ್ಪ ಬಾಗಿಲ ಹತ್ತಿರವೇ ಕೂತ. “ನಾನೇ ಕಣೇ. ಬೆಳಿಗ್ಗೆ ಅಂಗಡಿ ಔಷಧಿ ಹಾಕಿದ್ದೆ. ನಿಂಗೆ ಹೆದರ್ಕಂಡು ಹೇಳ್ಲಿಲ್ಲ” ಎಂದ.

ಬೈಯುತ್ತಾಳೆ ಎಂದು ಸಿದ್ದಕ್ಕ ಕಣ್ಣು ಮುಚ್ಚಿಕೊಂಡಳಂತೆ. ಓಬಕ್ಕ ಬೈಯಲಿಲ್ಲ. “ಎಣ್ಣೆ ಗಿಣ್ಣೆ ಏನೂ ಬ್ಯಾಡ. ಆ ಬಾಟ್ಲಿ ಎಲ್ಲೈತೆ? ತಗಂಬಾ” ಎಂದಳು. ತಾನೇ ಸೋಪು ತಂದು ನಾಯಿಯ ಮೈಮೇಲೆ ನಾಲ್ಕು ಕೊಡ ನೀರು ಹೊಯ್ದು ತಿಕ್ಕಿದಳು. ಈರುಳ್ಳಿ ಚೀಲ ತುಂಬಿಕೊಂಡು ಹಿರಿಯೂರಿಗೆ ಹೊರಟಿದ್ದ ಜಂಬಣ್ಣನ ಲಗೇಜ್ ಆಟೋಕ್ಕೆ ಅಡ್ಡ ನಿಂತಳು. ಜಂಬಣ್ಣ ಎರಡು ಚೀಲ ಇಳಿಸಿ ಜಾಗ ಮಾಡಿದ. ಯತ್ತಪ್ಪನೂ ಬಾಟ್ಲಿ ಹಿಡಿದು ಹತ್ತಿದ. ದಾರಿಯುದ್ದಕ್ಕೂ ಕೆಂಚನ ತಲೆ ಅವಳ ತೊಡೆಯ ಮೇಲಿತ್ತು. ತಾನು ಅಟ್ಟಿದ್ದ ಹೆಣ್ಣುಮಗಳ ಬಾಗಿಲಿಗೇ ಹೋಗುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಅದರ ಬಗ್ಗೆ ಯೋಚಿಸುವ ಪುರುಸೊತ್ತು ಇರಲಿಲ್ಲ.

ಆಸ್ಪತ್ರೆಯ ಜಗಲಿಯ ಮೇಲೆ ದನ, ಎಮ್ಮೆ ಹಿಡಿದುಕೊಂಡ ಜನ ತುಂಬಿದ್ದರು. ಬಬ್ಬೂರಿನ ಮುರುಗಪ್ಪನೂ ಇದ್ದ. ಓಬಕ್ಕನ ಮದ್ದಿನ ಗುಟ್ಟು ಕೇಳಿ ಕೇಳಿ ಬೈಸಿಕೊಂಡವರಲ್ಲಿ ಅವನು ಮೊದಲಿಗ. ಅನುಸೂಯ ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳಲ್ಲ. ಬಾಟ್ಲಿಯ ಚೀಟಿ ಓದಿದಳು, ಕೂಡಲೇ ಸೂಜಿ ಚುಚ್ಚಿದಳು. “ಬಾಟ್ಲಿ ತಂದದ್ದು ಒಳ್ಳೇದಾಯ್ತು” ಎನ್ನುತ್ತ ಕೆಂಚನ ಬೆನ್ನು ಸವರಿದವಳು ಕೈ ನಿಲ್ಲಿಸಿದಳು. ಬೆರಳಿಗೆ ಹಸಿರು ಜಿಡ್ಡು ಅಂಟಿತ್ತು.

“ಓಬಕ್ಕ, ನಿಮ್ಮ ಮದ್ದೂ ಹಚ್ಚಿದ್ದೀರಾ? ಅದರಲ್ಲಿ ಏನೇನಿದೆ ಈಗ ಹೇಳಲೇಬೇಕು. ಹೊಗೆಸೊಪ್ಪು ಇದ್ದರೆ ನಾನು ಕೊಡೋ ಔಷಧಿ ಬೇರೆ ಆಗುತ್ತೆ. ಎಣ್ಣೆ ಇದ್ದರೆ ಆ ವಿಷ ಚರ್ಮದೊಳಕ್ಕೆ ಇನ್ನೂ ಬೇಗ ಇಳೀತಾ ಇರುತ್ತೆ.”

ಓಬಕ್ಕನಿಗೆ ಅತ್ತೆ ನೆನಪಾದಳು. ದೀಪ ಮುಟ್ಟಿ ಮಾಡಿದ ಆಣೆ. ಹೇಳಿದರೆ ಮದ್ದು ಸಾಯುತ್ತದೆ, ನಾಳೆಯಿಂದ ಊರೂರಿನ ನಾಯಿಗಳಿಗೆ ಏನು ಗತಿ? ಹೇಳದಿದ್ದರೆ ಇಲ್ಲೇ, ಈ ಕಲ್ಲಿನ ಮೇಲೆ, ಕೆಂಚ.

ಆಗ ಅವಳ ಪಕ್ಕದಲ್ಲಿ ಸದ್ದಾಯಿತು. ಯತ್ತಪ್ಪ ಎದ್ದಿದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿನ ಕಡೆ ಹೊರಟಿದ್ದ. ಮದ್ದಿನ ಮಾತು ಬಂತಲ್ಲ, ತಾನು ಕೇಳಬಾರದೆಂದು ಹೊರಗೆ ಹೋಗುತ್ತಿದ್ದ. ಆ ಸಂಕಟದಲ್ಲೂ ಅವನಿಗೆ ಅಭ್ಯಾಸ ತಪ್ಪಿರಲಿಲ್ಲ.

ಓಬಕ್ಕ ಅವನ ಬೆನ್ನು ನೋಡಿದಳು. ಇವನಿಗೆ ಹೇಳಿಕೊಟ್ಟಿದ್ದರೆ ಇವನು ಅಂಗಡಿಗೆ ಯಾಕೆ ಹೋಗುತ್ತಿದ್ದ?

“ಎಲ್ಲಿಗ್ ಹೋಗ್ತೀಯ? ಬಾ ಇಲ್ಲಿ, ಕುಂತ್ಕ” ಎಂದು ಕೂಗಿದಳು. “ನಿಂಗೇ ಮೊದ್ಲು ಹೇಳ್ಬೇಕಿತ್ತು.” ಆಮೇಲೆ ಡಾಕ್ಟರ ಕಡೆ ತಿರುಗಿ, ಜಗಲಿಗೆಲ್ಲ ಕೇಳುವಂತೆ ಹೇಳಿದಳು: “ಹೊಗೆಸೊಪ್ಪು ಇಲ್ಲ ತಾಯಿ. ಸೀತಾಫಲದ ಬೀಜ ಒಣಗ್ಸಿ ಅರೆದಿದ್ದು, ಬಜೆ, ಬೇವಿನ ಸೊಪ್ಪು. ಕಲಸಾಕೆ ಹೊಂಗೆ ಎಣ್ಣೆ. ಕಣ್ಣಿಗೆ ನಾಲ್ಕು ಬೆರಳು ದೂರ ಬಿಟ್ಟು ಹಚ್ಚೋದು. ಇಷ್ಟೇ. ಉಳಿಸ್ರಿ ತಾಯಿ.”

“ಎಣ್ಣೆ ಇದೆ, ಹಾಗಾದರೆ ಇನ್ನೂ ಎರಡು ಸಲ ಸೋಪು ಹಾಕಿ ತೊಳೀಬೇಕು, ಒಂದು ಕೂದಲಲ್ಲೂ ಜಿಡ್ಡು ಇರಬಾರದು” ಎಂದಳು ಅನುಸೂಯ. ಯತ್ತಪ್ಪ ನೀರು ಹೊಯ್ದ, ಓಬಕ್ಕ ತಿಕ್ಕಿದಳು. ಮುರುಗಪ್ಪ ತನ್ನ ಎಮ್ಮೆಯನ್ನು ಕಂಬಕ್ಕೆ ಕಟ್ಟಿ ಬಂದು ನಾಯಿಯ ಕಾಲು ಹಿಡಿದುಕೊಂಡ. ಸಂಜೆಯ ಹೊತ್ತಿಗೆ ನಡುಕ ನಿಂತಿತು. ಮೂರನೆಯ ದಿನ ಕೆಂಚ ಎದ್ದು ಓಬಕ್ಕನ ಕೈಯಿಂದ ಮುದ್ದೆ ತಿಂದ. ಹಿಂಡು ಹೊರಡುವುದು ಒಂದು ವಾರ ತಡವಾಯಿತು, ಅಷ್ಟೇ ನಷ್ಟ.

ಡಾಕ್ಟರು ಬಿಡಲಿಲ್ಲ, ಚೆನ್ನಾಗಿಯೇ ಹೇಳಿ ಕಳಿಸಿದಳು: ಕೆಂಚನಿಗೆ ಸದ್ಯ ಯಾವ ಮದ್ದೂ ಬೇಡ, ಕೈಯಿಂದ ಕೀಳುವುದು ಮಾತ್ರ, ನಾಯಿಗೆಂದೇ ಬರುವ ಔಷಧಿ ಬೇರೆ ಇದೆ, ತೂಕ ನೋಡಿ ಕೊಡುವುದು, ಒಂದರ ಮೇಲೊಂದು ಎಂದೂ ಹಚ್ಚಬಾರದು, ಮೂಗಿನಿಂದ ರಕ್ತ ಬಂದರೆ, ಒಸಡು ಬಿಳಿಚಿಕೊಂಡರೆ ಅದು ಉಣ್ಣೆ ಜ್ವರ, ಅಲ್ಲಿ ಸೊಪ್ಪು ನಡೆಯುವುದಿಲ್ಲ, ನೆಟ್ಟಗೆ ಆಸ್ಪತ್ರೆಗೆ ಬರಬೇಕು. ಯಾರ ಮಾತನ್ನೂ ಕೇಳದ ಓಬಕ್ಕ ಎಲ್ಲವನ್ನೂ ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿಕೊಂಡಳು.

ಆದರೆ ಎದೆಯಲ್ಲಿ ಒಂದು ಅಳುಕು ಉಳಿದೇ ಇತ್ತು. ಮದ್ದು ಸತ್ತಿತೇ? ಮನೆಗೆ ಬಂದವಳೇ ಯತ್ತಪ್ಪನನ್ನು ಎದುರಿಗೆ ಕೂರಿಸಿಕೊಂಡು ಅವನ ಕೈಯಲ್ಲೇ ಅರೆಸಿ, ಸಿದ್ದಕ್ಕನ ನಾಯಿಗೆ ಹಚ್ಚಿಸಿದಳು. ಮಾರನೆಯ ಬೆಳಿಗ್ಗೆ ಸಿದ್ದಕ್ಕನ ಅಂಗಳಕ್ಕೆ ಹೋಗಿ ಬಗ್ಗಿ ನೋಡಿದಳು. ಗೋಣಿಚೀಲದ ಸುತ್ತ ಉಣ್ಣೆಗಳು ಉದುರಿ ಬಿದ್ದಿದ್ದವು, ಯಾವತ್ತಿನಂತೆಯೇ.

“ನೋಡೇ, ಸತ್ತಿಲ್ಲ ನಿನ್ನ ಮದ್ದು!” ಎಂದು ಸಿದ್ದಕ್ಕ ಚಪ್ಪಾಳೆ ತಟ್ಟಿದಳು. ಓಬಕ್ಕ ಮಾತ್ರ ಅಲ್ಲೇ ನೆಲಕ್ಕೆ ಕೂತು ಅಳತೊಡಗಿದಳು. ಅತ್ತೆಗೆ ಕುರಿಯ ಹೊಟ್ಟೆಯುಬ್ಬರಕ್ಕೆ ಮದ್ದು ಗೊತ್ತಿತ್ತು, ಕಾಲು ಕೊಳೆತಕ್ಕೆ ಗೊತ್ತಿತ್ತು, ಮರಿಗಳ ಭೇದಿಗೆ ಗೊತ್ತಿತ್ತು. ಹೇಳಿದರೆ ಸಾಯುತ್ತವೆಂದು ಅವನ್ನೆಲ್ಲ ಸೊಸೆಗೂ ಹೇಳದೆ ಇಟ್ಟುಕೊಂಡು, ಒಂದು ದಿನ ಇದ್ದಕ್ಕಿದ್ದಂತೆ ತಾನೇ ಸತ್ತುಹೋದಳು. ಅವೆಲ್ಲ ಅವಳ ಜೊತೆಯಲ್ಲೇ ಮಣ್ಣಾದವು.

ಆಮೇಲೆ ಹತ್ತು ವರ್ಷ, ಅನುಸೂಯ ಎಲ್ಲಿ ಶಿಬಿರ ಮಾಡಿದರೂ, ಡಾಕ್ಟರ ಮೇಜಿನ ಪಕ್ಕದಲ್ಲಿ ಓಬಕ್ಕನ ಭರಣಿಯೂ ಅರೆಯುವ ಕಲ್ಲೂ ಇರುತ್ತಿದ್ದವು. ಮದ್ದು ಅರೆಯುವವನು ಯತ್ತಪ್ಪ, ಕೂಗುವವಳು ಅವಳು. ಕೂದಲು ಪೂರ್ತಿ ನರೆತರೂ ಗಂಟಲು ಇಳಿದಿರಲಿಲ್ಲ. ದೂರದಲ್ಲಿ ಸಂಕೋಚದಿಂದ ನಿಂತವರನ್ನು ಕಂಡರೆ ಬೈದು ಕರೆಯುತ್ತಿದ್ದಳು: “ಹತ್ರ ಬರ್ರಿ, ಕುಂತ್ಕಳ್ರಿ, ಸರಿಯಾಗ್ ಕೇಳಿಸ್ಕಳ್ರಿ. ನಾನು ಸತ್ರೆ ಇದು ನನ್ ಜತೆ ಬರಬಾರ್ದು.”